ವೆಸ್ಟ್‌ಮಿನ್‌ಸ್ಟರ್ ಸಂಸತ್ ಭವನ: ಕಾಸು ಕೊಡುವ ಪ್ರವಾಸಕ್ಕಿಂತ ಪುಕ್ಕಟೆ ಗ್ಯಾಲರಿಯೇ ಮೇಲು

ಲಂಡನ್ನಿಗೆ ಹೋದ ನಮ್ಮವರಲ್ಲಿ ಬಹಳ ಮಂದಿ ಬಿಗ್ ಬೆನ್ ಎದುರು ಫೋಟೊ ತೆಗೆಸಿಕೊಂಡು, ಸೇತುವೆ ದಾಟಿ ಲಂಡನ್ ಐ ಕಡೆ ನಡೆದುಬಿಡುತ್ತಾರೆ. ಆ ಗಡಿಯಾರ ಗೋಪುರದ ಮಗ್ಗುಲಲ್ಲೇ ಬ್ರಿಟನ್ ಸರ್ಕಾರ ದಿನವೂ ಉತ್ತರ ಹೇಳಬೇಕಾದ ಸದನವಿದೆ. ಅದರ ಬಾಗಿಲು ಯಾವ ದೇಶದವರಿಗಾದರೂ ತೆರೆದಿರುತ್ತದೆ. ಟಿಕೆಟ್ ಇಲ್ಲ, ಯಾರ ಶಿಫಾರಸು ಪತ್ರವೂ ಬೇಡ. ಸರದಿಯಲ್ಲಿ ನಿಂತರಾಯಿತು. ಇದು ತಿಳಿಯದೆ ಎಷ್ಟೋ ಕುಟುಂಬಗಳು ದುಬಾರಿ ಪ್ರವಾಸದ ಟಿಕೆಟ್ ಕೊಂಡು, ಖಾಲಿ ಸದನ ನೋಡಿ ಬರುತ್ತವೆ.

ಈ ವಿಮರ್ಶೆ ಆ ಭವನದ ಸಂದರ್ಶಕ ಸೇವೆಯನ್ನು ಕುರಿತದ್ದು: ಹಣ ಕೊಟ್ಟು ಮಾಡುವ ಪ್ರವಾಸ, ಪುಕ್ಕಟೆ ಗ್ಯಾಲರಿ, ಸಮಿತಿ ಕೊಠಡಿಗಳು, ಗೋಪುರ ಹತ್ತುವ ವ್ಯವಸ್ಥೆ. ಜೊತೆಗೆ ಅಲ್ಲಿಂದ ಕೂಗಳತೆಯಲ್ಲಿರುವ ಸುಪ್ರೀಂ ಕೋರ್ಟ್ ಮತ್ತು ಮಂತ್ರಾಲಯಗಳ ಬೀದಿಯಾದ ವೈಟ್‌ಹಾಲ್. ಒಂದು ರಾಜಧಾನಿ ತನ್ನ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದನ್ನು ಇಷ್ಟು ಚಿಕ್ಕ ಜಾಗದಲ್ಲಿ, ಕಾಲ್ನಡಿಗೆಯಲ್ಲಿ, ಬಹುಪಾಲು ಕಾಸಿಲ್ಲದೆ ನೋಡುವ ಅವಕಾಶ ಬೇರೆ ಕಡೆ ಸಿಗುವುದು ಅಪರೂಪ.

ಲಂಡನ್ ರಾಜಧಾನಿಯಾಗಿರುವುದು ರೂಢಿಯಿಂದ, ಕಾಯ್ದೆಯಿಂದಲ್ಲ. ಅದರಲ್ಲೂ ಸರ್ಕಾರ ಇರುವುದು ಹಳೆಯ 'ಸಿಟಿ ಆಫ್ ಲಂಡನ್'ನಲ್ಲಿ ಅಲ್ಲ, ಥೇಮ್ಸ್ ನದಿಯ ಮೇಲ್ಭಾಗಕ್ಕಿರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಆಡಳಿತದ ಲೆಕ್ಕದಲ್ಲಿ ಅದು ಪ್ರತ್ಯೇಕ ನಗರ. ಹನ್ನೊಂದನೆಯ ಶತಮಾನದಲ್ಲಿ ದೊರೆ ಎಡ್ವರ್ಡ್ ಅಲ್ಲಿ ಅರಮನೆ ಕಟ್ಟಿಸಿದ. ದೊರೆ ಇದ್ದಲ್ಲಿಗೆ ನ್ಯಾಯಾಲಯ ಬಂತು, ಖಜಾನೆ ಬಂತು, ಆಮೇಲೆ ಸಂಸತ್ತೂ ಬಂತು. ವ್ಯಾಪಾರಿಗಳು ಸಿಟಿಯಲ್ಲೇ ಉಳಿದರು. ಆದ್ದರಿಂದಲೇ ಸಂಸತ್ ಭವನದ ಅಧಿಕೃತ ಹೆಸರು ಇವತ್ತಿಗೂ 'ಪ್ಯಾಲೆಸ್ ಆಫ್ ವೆಸ್ಟ್‌ಮಿನ್‌ಸ್ಟರ್'.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು: ಪ್ರವಾಸ ಬೇರೆ, ಕಲಾಪ ಬೇರೆ. ಎರಡೂ ಸಾಮಾನ್ಯವಾಗಿ ಒಂದೇ ದಿನ ಸಿಗುವುದಿಲ್ಲ. ಹಣ ಕೊಟ್ಟು ಮಾಡುವ ಪ್ರವಾಸ ಇರುವುದು ಶನಿವಾರಗಳಂದು ಮತ್ತು ಸದನಕ್ಕೆ ಬಿಡುವಿರುವ ವಾರದ ದಿನಗಳಂದು. ಕಲಾಪ ನಡೆಯುವುದು ಸೋಮವಾರದಿಂದ ಗುರುವಾರದವರೆಗೆ, ಕೆಲವೇ ಕೆಲವು ಶುಕ್ರವಾರ. ಶನಿವಾರ ಹೋಗಿ 'ಚರ್ಚೆ ಎಲ್ಲಿ ನಡೀತಿದೆ' ಎಂದು ಕೇಳಿದರೂ, ಮಂಗಳವಾರ ಹೋಗಿ ಪ್ರವಾಸದ ಟಿಕೆಟ್ ಕೇಳಿದರೂ ಸಿಬ್ಬಂದಿ ಸೌಜನ್ಯದಿಂದಲೇ ಇಲ್ಲವೆಂದು ತಲೆಯಾಡಿಸಿ ಕಳಿಸುತ್ತಾರೆ.

ಕೆಳಮನೆಯ, ಅಂದರೆ ಹೌಸ್ ಆಫ್ ಕಾಮನ್ಸ್‌ನ ವೇಳಾಪಟ್ಟಿ ಹೀಗಿದೆ. ಸೋಮವಾರ ಮಧ್ಯಾಹ್ನ 2.30ಕ್ಕೆ ಶುರುವಾಗಿ ರಾತ್ರಿ 10.30ರವರೆಗೆ ನಡೆಯಬಹುದು. ಮಂಗಳವಾರ ಮತ್ತು ಬುಧವಾರ ಬೆಳಿಗ್ಗೆ 11.30ರಿಂದ ಸಂಜೆ 7.30. ಗುರುವಾರ ಬೆಳಿಗ್ಗೆ 9.30ರಿಂದ ಸಂಜೆ 5.30. ಖಾಸಗಿ ಸದಸ್ಯರ ಮಸೂದೆಗಳಿಗೆ ಮೀಸಲಾದ ಶುಕ್ರವಾರಗಳಲ್ಲಿ 9.30ರಿಂದ ಮಧ್ಯಾಹ್ನ 3. ಚರ್ಚೆ ಬೇಗ ಮುಗಿದರೆ ಸದನ ಬೇಗ ಏಳುತ್ತದೆ, ಆದ್ದರಿಂದ ಗುರುವಾರ ನಾಲ್ಕು ಗಂಟೆಯ ಮೇಲೆ ಹೋಗಿ ಬಾಗಿಲು ತಟ್ಟಬೇಡಿ. ಮೇಲ್ಮನೆ, ಅಂದರೆ ಹೌಸ್ ಆಫ್ ಲಾರ್ಡ್ಸ್, ಸೋಮವಾರ ಮತ್ತು ಮಂಗಳವಾರ 2.30ಕ್ಕೆ, ಬುಧವಾರ 3ಕ್ಕೆ, ಗುರುವಾರ ಬೆಳಿಗ್ಗೆ 11ಕ್ಕೆ ಸೇರುತ್ತದೆ.

ಕರ್ನಾಟಕದಿಂದ ಹೋಗುವ ಕುಟುಂಬಗಳಿಗೆ ಇಲ್ಲೊಂದು ಲೆಕ್ಕಾಚಾರವಿದೆ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲಿ ಅಥವಾ ದಸರಾ ಹೊತ್ತಿಗೆ. ಈಸ್ಟರ್ ಬಿಡುವು ಮತ್ತು ಮೇ ಕೊನೆಯ ಒಂದು ವಾರದ ಬಿಡುವು ತಪ್ಪಿಸಿದರೆ, ಬೇಸಿಗೆ ರಜೆಯಲ್ಲಿ ಕಲಾಪ ಸಿಗುತ್ತದೆ. ದಸರಾ ರಜೆಯಲ್ಲಿ ಸಿಗುವುದು ಕಷ್ಟ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಎರಡನೆಯ ವಾರದ ಆಸುಪಾಸಿನವರೆಗೆ ಪಕ್ಷಗಳ ವಾರ್ಷಿಕ ಸಮ್ಮೇಳನಗಳಿಗೆಂದು ಕಾಮನ್ಸ್‌ಗೆ ಬಿಡುವು. ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೂ ಸದನ ಖಾಲಿ. ಆ ದಿನಗಳಲ್ಲಿ ಹೋಗುವವರಿಗೆ ಪ್ರವಾಸವೇ ಗತಿ. ಬಿಡುವಿನ ತಾರೀಖುಗಳನ್ನು ಸಂಸತ್ತಿನ ಜಾಲತಾಣದಲ್ಲಿ ಮೊದಲೇ ಹಾಕಿರುತ್ತಾರೆ. ವಿಮಾನದ ಟಿಕೆಟ್ ತೆಗೆಸುವ ಮುಂಚೆ ಅದನ್ನೊಮ್ಮೆ ನೋಡಿ.

ಇನ್ನು ಒಳಗೆ ಹೋಗುವ ದಾರಿ. ವೆಸ್ಟ್‌ಮಿನ್‌ಸ್ಟರ್ ಭೂಗತ ರೈಲು ನಿಲ್ದಾಣಕ್ಕೆ ಜುಬಿಲಿ, ಡಿಸ್ಟ್ರಿಕ್ಟ್, ಸರ್ಕಲ್ ಮೂರೂ ಮಾರ್ಗಗಳು ಬರುತ್ತವೆ. ಲಿಫ್ಟ್ ಇದೆ, ವಯಸ್ಸಾದವರಿಗೆ ತೊಂದರೆಯಿಲ್ಲ. ಮೇಲೆ ಬಂದು ಪಾರ್ಲಿಮೆಂಟ್ ಸ್ಕ್ವೇರ್ ಕಡೆ ತಿರುಗಿ, ಭವನವನ್ನು ಎಡಕ್ಕೆ ಇಟ್ಟುಕೊಂಡು ನಡೆದರೆ ಆಲಿವರ್ ಕ್ರಾಮ್‌ವೆಲ್ ಪ್ರತಿಮೆ ಕಾಣುತ್ತದೆ. ಅದರ ಹತ್ತಿರದ 'ಕ್ರಾಮ್‌ವೆಲ್ ಗ್ರೀನ್' ಬಾಗಿಲೇ ಸಾರ್ವಜನಿಕರ ಪ್ರವೇಶ. ಅಲ್ಲಿ ವಿಮಾನ ನಿಲ್ದಾಣದಲ್ಲಿ ಮಾಡುವಂಥ ತಪಾಸಣೆ ಇದೆ. ಜನ ಕಡಿಮೆ ಇದ್ದರೂ 15-20 ನಿಮಿಷ ಹಿಡಿಯುತ್ತದೆ. ಪ್ರವಾಸಕ್ಕೆ ಸಮಯ ಕಾಯ್ದಿರಿಸಿದವರು ಆ ಅವಧಿಯನ್ನು ಸೇರಿಸಿಕೊಂಡು ಬರಬೇಕು. ಇಲ್ಲವಾದರೆ ಟಿಕೆಟ್ ಕೈಯಲ್ಲಿದ್ದೂ ಗುಂಪು ಮುಂದೆ ಹೋಗಿರುತ್ತದೆ.

ತಪಾಸಣೆಯಲ್ಲಿ ನಮ್ಮವರು ಸಿಕ್ಕಿಬೀಳುವುದು ಬ್ಯಾಗಿನ ವಿಚಾರದಲ್ಲಿ. ದೊಡ್ಡ ಸೂಟ್‌ಕೇಸ್ ಇಟ್ಟುಕೊಳ್ಳುವ ಕೊಠಡಿ ಅಲ್ಲಿಲ್ಲ. ಹೋಟೆಲ್ ಖಾಲಿ ಮಾಡಿ, ಸಂಜೆಯ ರೈಲಿಗೆ ಮುಂಚೆ ಸಂಸತ್ತು ನೋಡಿಬಿಡೋಣ ಎಂದು ಲಗೇಜು ಸಮೇತ ಬಂದರೆ ಒಳಗೆ ಬಿಡುವುದಿಲ್ಲ. ಹಣ್ಣು ಹೆಚ್ಚಲು ಇಟ್ಟುಕೊಂಡ ಚಾಕು, ಹೊಲಿಗೆ ಡಬ್ಬಿಯ ಕತ್ತರಿ ಇವೆಲ್ಲ ಹೋಟೆಲ್‌ನಲ್ಲೇ ಇರಲಿ.

ತಪಾಸಣೆ ದಾಟಿದ ಕೂಡಲೇ ಸಿಗುವುದು ವೆಸ್ಟ್‌ಮಿನ್‌ಸ್ಟರ್ ಹಾಲ್. ಇಡೀ ಭೇಟಿಯಲ್ಲಿ ನಿಧಾನವಾಗಿ ನೋಡಲೇಬೇಕಾದ ಜಾಗ ಇದು, ಅದೂ ಪುಕ್ಕಟೆ. 1097ರಲ್ಲಿ ಕಟ್ಟಿದ್ದು. ಸುಮಾರು 73 ಮೀಟರ್ ಉದ್ದ, 20 ಮೀಟರ್ ಅಗಲ. ಮೇಲಿನ ಓಕ್ ಮರದ ಚಾವಣಿ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಎರಡನೆಯ ರಿಚರ್ಡ್ ಹಾಕಿಸಿದ್ದು. ನಡುವೆ ಒಂದೇ ಒಂದು ಕಂಬವಿಲ್ಲ, ಗೋಡೆಯಿಂದ ಹೊರಚಾಚಿದ ತೊಲೆಗಳ ಮೇಲೆ ಅಷ್ಟು ಭಾರ ನಿಂತಿದೆ. 1834ರ ಅಕ್ಟೋಬರ್ 16ರಂದು, ಲೆಕ್ಕದ ಗುರುತು ಕೊರೆದಿಟ್ಟ ಹಳೆಯ ಮರದ ಕಡ್ಡಿಗಳನ್ನು ಒಲೆಯಲ್ಲಿ ಸುಡಲು ಹೋಗಿ ಇಡೀ ಅರಮನೆಗೆ ಬೆಂಕಿ ಬಿತ್ತು. ಆಗ ಉಳಿದ ಅತಿ ದೊಡ್ಡ ಭಾಗ ಇದೇ. ಈಗ ಕಾಣುವ ಉಳಿದ ಭವನ ಚಾರ್ಲ್ಸ್ ಬ್ಯಾರಿ ಮತ್ತು ಆಗಸ್ಟಸ್ ಪ್ಯೂಜಿನ್ ಆ ಬೆಂಕಿಯ ನಂತರ ರೂಪಿಸಿದ್ದು.

ನೆಲದ ಮೇಲಿನ ಹಿತ್ತಾಳೆ ಫಲಕಗಳನ್ನು ಓದುತ್ತ ನಡೆಯಿರಿ. ಸ್ಕಾಟ್ಲೆಂಡಿನ ಹೋರಾಟಗಾರ ವಿಲಿಯಂ ವಾಲೆಸ್‌ನ ವಿಚಾರಣೆ 1305ರಲ್ಲಿ, ದೊರೆ ಎಂಟನೆಯ ಹೆನ್ರಿಯ ಮಾಜಿ ಮಂತ್ರಿ ಥಾಮಸ್ ಮೋರ್‌ನದು 1535ರಲ್ಲಿ, ದೊರೆ ಒಂದನೆಯ ಚಾರ್ಲ್ಸ್‌ನದು 1649ರಲ್ಲಿ ನಡೆದದ್ದು ಈ ಚಾವಣಿಯಡಿಯಲ್ಲೇ. ಕನ್ನಡಿಗರು ನಿಂತು ನೆನೆಯಬೇಕಾದ ಇನ್ನೊಂದು ವಿಚಾರಣೆಯಿದೆ. ಭಾರತದಲ್ಲಿ ನಡೆಸಿದ ಆಡಳಿತದ ಬಗ್ಗೆ ವಾರನ್ ಹೇಸ್ಟಿಂಗ್ಸ್ ಮೇಲೆ ಸಂಸತ್ತು ಹೊರಿಸಿದ ಆರೋಪಗಳ ವಿಚಾರಣೆ ಇಲ್ಲಿ 1788ರ ಫೆಬ್ರವರಿಯಲ್ಲಿ ಶುರುವಾಗಿ 1795ರ ಏಪ್ರಿಲ್‌ವರೆಗೆ ಎಳೆಯಿತು. ಕೊನೆಗೆ ಆತ ಖುಲಾಸೆಯಾದ. ಹೈದರಾಲಿ ಮತ್ತು ಟಿಪ್ಪುವಿನೊಂದಿಗೆ ಕಂಪನಿ ಎರಡನೆಯ ಮೈಸೂರು ಯುದ್ಧ ಹೂಡಿ, 1784ರಲ್ಲಿ ಮಂಗಳೂರು ಒಪ್ಪಂದಕ್ಕೆ ಬಂದಾಗ ಗವರ್ನರ್ ಜನರಲ್ ಆಗಿದ್ದವನು ಇವನೇ.

ಫೋಟೊ ತೆಗೆಯುವುದಿದ್ದರೆ ಇಲ್ಲಿ ಮತ್ತು ಮುಂದಿನ ಸೇಂಟ್ ಸ್ಟೀಫನ್ಸ್ ಹಾಲ್‌ನಲ್ಲಿ ಮಾತ್ರ. ಆಮೇಲೆ ಕ್ಯಾಮೆರಾ, ಮೊಬೈಲ್ ಜೇಬಿಗೆ. ಸೇಂಟ್ ಸ್ಟೀಫನ್ಸ್ ಹಾಲ್ ಇರುವುದು ಬೆಂಕಿಗೆ ಮುಂಚೆ ಕಾಮನ್ಸ್ ಸೇರುತ್ತಿದ್ದ ಜಾಗದಲ್ಲಿ. ಗೋಡೆಯ ದೊಡ್ಡ ಚಿತ್ರಗಳಲ್ಲಿ ಒಂದು, ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಅಜ್ಮೇರಿನಲ್ಲಿ ಮೊಗಲ್ ದೊರೆಯ ಆಸ್ಥಾನಕ್ಕೆ ಬಂದ ದೃಶ್ಯ. ಸಾಲು ಪ್ರತಿಮೆಗಳ ನಡುವೆ ಫಾಕ್‌ಲ್ಯಾಂಡ್ ಎಂಬ ಸರದಾರನ ಪ್ರತಿಮೆ ಹುಡುಕಿ. ಅವನ ಬೂಟಿನ ಹಿಮ್ಮಡಿಗಿರುವ, ಕುದುರೆ ತಿವಿಯುವ ಮುಳ್ಳು ಮುರಿದಿದೆ. ಮತದಾನದ ಹಕ್ಕು ಕೇಳಿದ ಹೆಂಗಸರು 1909ರ ಏಪ್ರಿಲ್‌ನಲ್ಲಿ ಇಲ್ಲಿನ ಪ್ರತಿಮೆಗಳಿಗೆ ಸರಪಳಿಯಿಂದ ತಮ್ಮನ್ನು ಕಟ್ಟಿಕೊಂಡಿದ್ದರು. ಬಿಡಿಸುವ ಗಡಿಬಿಡಿಯಲ್ಲಿ ಮುರಿದ ತುಂಡು ಅದು. ಇದನ್ನು ನೋಡದೆ ಬಿರಬಿರನೆ ದಾಟಿಹೋಗುವವರೇ ಹೆಚ್ಚು.

ಅಲ್ಲಿಂದ ಸೆಂಟ್ರಲ್ ಲಾಬಿ. ಎಂಟು ಮೂಲೆಯ ಈ ಅಂಗಳದ ಒಂದು ಕಡೆ ಕಾಮನ್ಸ್, ಇನ್ನೊಂದು ಕಡೆ ಲಾರ್ಡ್ಸ್. ಕ್ಷೇತ್ರದ ಮತದಾರ ಇಲ್ಲಿಗೆ ಬಂದು ಒಂದು ಹಸಿರು ಚೀಟಿ ತುಂಬಿಕೊಟ್ಟು ತನ್ನ ಸಂಸದರನ್ನು ಕರೆಸಿ ಮಾತಾಡಬಹುದು. ಸಂಸದರು ಬಂದೇ ಬರುತ್ತಾರೆಂಬ ಖಾತ್ರಿಯಿಲ್ಲ, ಕೇಳುವ ಹಕ್ಕು ಮಾತ್ರ ಇದೆ. ಕಲಾಪ ಶುರುವಾಗುವ ಕೆಲವು ನಿಮಿಷ ಮುಂಚೆ ಇಲ್ಲಿ ನಿಂತಿದ್ದರೆ ಸ್ಪೀಕರ್ ಮೆರವಣಿಗೆ ಕಣ್ಣಮುಂದೆ ಹಾದುಹೋಗುತ್ತದೆ. ರಾಜದಂಡ ಹೊತ್ತವರು ಮುಂದೆ, ಕಪ್ಪು ನಿಲುವಂಗಿಯ ಸ್ಪೀಕರ್ ಹಿಂದೆ, ಟೋಪಿ ತೆಗೆಯುವಂತೆ ಪೊಲೀಸ್ ಅಧಿಕಾರಿಯ ಕೂಗು. ಆ ರಾಜದಂಡ ಮೇಜಿನ ಮೇಲೆ ಇಲ್ಲದಿದ್ದರೆ ಸದನ ನಡೆಯುವಂತಿಲ್ಲ.

ಈಗ ಗ್ಯಾಲರಿ. ಕಲಾಪ ಮೊದಲಾಗುವುದು ಪ್ರಾರ್ಥನೆಯಿಂದ, ಆಗ ಸಾರ್ವಜನಿಕರನ್ನು ಬಿಡುವುದಿಲ್ಲ. ಅದು ಮುಗಿದ ಮೇಲೆ ಜಾಗ ಇರುವಷ್ಟು ಮಂದಿಯನ್ನು ಒಳಗೆ ಕರೆಯುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಮೊದಲ ಒಂದು ಗಂಟೆ ಪ್ರಶ್ನೋತ್ತರ ವೇಳೆ. ಬುಧವಾರ ಮಧ್ಯಾಹ್ನ 12ರಿಂದ ಅರ್ಧ ಗಂಟೆ ಪ್ರಧಾನಿಗೇ ಪ್ರಶ್ನೆ. ಅದಕ್ಕೆ ಎಲ್ಲಿಲ್ಲದ ನೂಕುನುಗ್ಗಲು. ಪ್ರಶ್ನೋತ್ತರ ವೇಳೆಯ ಟಿಕೆಟ್‌ಗಳನ್ನು ಬ್ರಿಟನ್ ನಿವಾಸಿಗಳು ತಮ್ಮ ಸಂಸದರ ಮೂಲಕ ಪಡೆಯುತ್ತಾರೆ. ಹೊರದೇಶದಿಂದ ಬಂದವರಿಗೆ ಮುಂಗಡ ಟಿಕೆಟ್ ಇಲ್ಲ, ಉಳಿದ ಜಾಗಕ್ಕೆ ಕಾಯಬೇಕು. ಬುಧವಾರ ಬೆಳಿಗ್ಗೆ ಮೂರು ಗಂಟೆ ನಿಂತು ಕೊನೆಗೆ ಪ್ರಧಾನಿ ಎದ್ದುಹೋದ ಮೇಲೆ ಒಳಗೆ ಸೇರುವುದಕ್ಕಿಂತ ಮಧ್ಯಾಹ್ನ ಒಂದರ ನಂತರ ಬಂದರೆ ಅದೇ ಸದನ, ಅರ್ಧಕ್ಕರ್ಧ ಸರದಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಒಂದೆರಡು ಗಂಟೆ ಕಾಯಬೇಕಾಗಬಹುದು. ಅತ್ಯಂತ ಸಲೀಸಾದ ಹೊತ್ತು ಸೋಮವಾರ ಸಂಜೆ. ಉಳಿದ ದರ್ಶನೀಯ ಸ್ಥಳಗಳೆಲ್ಲ ಬಾಗಿಲು ಹಾಕಿರುವ ಹೊತ್ತಿಗೆ ಸಂಸತ್ತು ಇನ್ನೂ ಕೂತಿರುತ್ತದೆ.

ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆ ಕೆಲಸದ ವೀಸಾದ ಮೇಲೆ ಇರುವ ಕನ್ನಡಿಗರು ಇದನ್ನು ಗಮನಿಸಬೇಕು. ನೀವೂ ಆ ನಿವಾಸಿಗಳ ಲೆಕ್ಕಕ್ಕೆ ಬರುತ್ತೀರಿ. ಪೌರತ್ವ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರು ಮತದಾರರ ಪಟ್ಟಿಗೂ ಸೇರಬಹುದು, ಸಾರ್ವತ್ರಿಕ ಚುನಾವಣೆಯಲ್ಲಿ ಮತವನ್ನೂ ಹಾಕಬಹುದು. ನಿಮ್ಮ ಪಿನ್‌ಕೋಡ್ ಹಾಕಿ ಸಂಸದರು ಯಾರೆಂದು ನೋಡಿ, ಅವರ ಕಚೇರಿಗೆ ಇಮೇಲ್ ಬರೆದು ಬುಧವಾರದ ಟಿಕೆಟ್ ಅಥವಾ ಪುಕ್ಕಟೆ ಪ್ರವಾಸ ಕೇಳಿ. ಎರಡಕ್ಕೂ ಬೇಡಿಕೆ ಹೆಚ್ಚು, ತಿಂಗಳುಗಟ್ಟಲೆ ಮುಂಚೆ ಕೇಳಬೇಕು. ಊರಿನಿಂದ ಅಪ್ಪ-ಅಮ್ಮ ಬರುವ ತಾರೀಖು ನಿಗದಿಯಾದ ದಿನವೇ ಬರೆದುಬಿಡಿ.

ಗ್ಯಾಲರಿಯಲ್ಲಿ ಕೂತಾಗ ಮೊದಲ ಅಚ್ಚರಿ ಸದನದ ಗಾತ್ರ. ಟಿವಿಯಲ್ಲಿ ದೊಡ್ಡದಾಗಿ ಕಾಣುವ ಸಭಾಂಗಣ ಸುಮಾರು 21 ಮೀಟರ್ ಉದ್ದ, 14 ಮೀಟರ್ ಅಗಲ ಅಷ್ಟೆ. ಸಂಸದರು 650, ಆಸನಗಳು 427 ಮಾತ್ರ. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬಿಗೆ ಹಳೆಯ ಸದನ ನಾಶವಾದಾಗ ದೊಡ್ಡದಾಗಿ ಕಟ್ಟಬಹುದಿತ್ತು. ಚರ್ಚಿಲ್ ಬೇಡವೆಂದರು. ಖಾಲಿ ಬೆಂಚುಗಳ ನಡುವೆ ಚರ್ಚೆಗೆ ಬಿಸಿ ಏರುವುದಿಲ್ಲ ಎಂಬುದು ಅವರ ವಾದ. 1950ರಲ್ಲಿ ಅದೇ ಅಳತೆಯಲ್ಲಿ ಹೊಸ ಸದನ ತೆರೆಯಿತು. ನಮ್ಮ ವಿಧಾನಸಭೆಯಂತೆ ಬಾಗಿದ ಸಾಲುಗಳಲ್ಲ, ಸರ್ಕಾರದ ಕಡೆಯವರು, ವಿರೋಧ ಪಕ್ಷದವರು ಎದುರುಬದುರು. ನಡುವೆ ನೆಲದ ಮೇಲೆ ಎರಡು ಕೆಂಪು ಗೆರೆ. ಅವುಗಳ ಅಂತರ ಎರಡು ಕತ್ತಿಯಳತೆ ಎಂಬುದು ರೂಢಿಯ ಮಾತು. ಮಾತಾಡುವಾಗ ಆ ಗೆರೆ ದಾಟುವಂತಿಲ್ಲ.

ಹೊಸ ಸದನಕ್ಕೆ ಕಾಮನ್‌ವೆಲ್ತ್ ದೇಶಗಳು ಒಂದೊಂದು ವಸ್ತು ಕೊಟ್ಟವು. ಸ್ಪೀಕರ್ ಪೀಠ ಆಸ್ಟ್ರೇಲಿಯಾದ್ದು, ಮೇಜು ಕೆನಡಾದ್ದು, ಪ್ರವೇಶದ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನದವು. ಮೇಜಿನ ಮೇಲಿರುವ ಎರಡು ಪೆಟ್ಟಿಗೆಗಳು ನ್ಯೂಜಿಲೆಂಡಿನವು. ಸರ್ಕಾರದ ಕಡೆಯ ಪೆಟ್ಟಿಗೆಗೆ ಕೈಯೂರಿ ಪ್ರಧಾನಿ ಉತ್ತರಿಸುತ್ತಾರೆ. ಕರ್ನಾಟಕದ ಅಳಿಯ ರಿಷಿ ಸುನಕ್ 2022ರ ಅಕ್ಟೋಬರಿನಿಂದ 2024ರ ಜುಲೈವರೆಗೆ ನಿಂತದ್ದು ಅಲ್ಲೇ. ಸ್ಪೀಕರ್ ಬಲಗಡೆ ಸರ್ಕಾರ, ಎಡಗಡೆ ವಿರೋಧ ಪಕ್ಷ ಎಂದು ಗುರುತಿಟ್ಟುಕೊಂಡರೆ ಉಳಿದದ್ದು ತಿಳಿಯುತ್ತ ಹೋಗುತ್ತದೆ.

ಪ್ರತಿ ಪ್ರಶ್ನೆ ಮುಗಿದಾಗಲೂ ಹತ್ತಾರು ಮಂದಿ ದಡಕ್ಕನೆ ಎದ್ದು ಕೂರುವುದು ಮಾತಿಗೆ ಅವಕಾಶ ಕೇಳುವ ರೀತಿ. ಯಾರೂ ಇನ್ನೊಬ್ಬ ಸಂಸದರ ಹೆಸರು ಹಿಡಿದು ಕರೆಯುವುದಿಲ್ಲ, ಕ್ಷೇತ್ರದ ಅಥವಾ ಹುದ್ದೆಯ ಹೆಸರಿನಿಂದ ಕರೆಯುತ್ತಾರೆ. ಎಲ್ಲ ಮಾತೂ ಸ್ಪೀಕರ್‌ಗೆ ಹೇಳಿದಂತೆ ಇರಬೇಕು. ವಿರೋಧ ಪಕ್ಷದ ನಾಯಕರಿಗೆ ಬುಧವಾರ ಆರು ಪ್ರಶ್ನೆ ಕೇಳುವ ಅವಕಾಶ. ಇದ್ದಕ್ಕಿದ್ದಂತೆ ಗಂಟೆಗಳು ಬಾರಿಸಿದರೆ ಮತದಾನ ಎಂದರ್ಥ. ಎಂಟು ನಿಮಿಷದಲ್ಲಿ ಮತ ಹಾಕುವ ಲಾಬಿಗಳ, ಅಂದರೆ ಸದನದ ಮಗ್ಗುಲಿನ ಎರಡು ಓಣಿಕೋಣೆಗಳ ಬಾಗಿಲು ಮುಚ್ಚುತ್ತದೆ, ಅಷ್ಟರೊಳಗೆ ಸಂಸದರು ಎಲ್ಲಿದ್ದರೂ ಓಡಿಬಂದು 'ಹೌದು' ಅಥವಾ 'ಇಲ್ಲ' ಲಾಬಿಯ ಮೂಲಕ ಹಾದುಹೋಗಬೇಕು. ಎಣಿಸಿದವರು ಬಂದು ಮೇಜಿನ ಮುಂದೆ ಸಾಲಾಗಿ ನಿಂತು ಫಲಿತಾಂಶ ಓದುತ್ತಾರೆ. ಆ ಸಂದರ್ಭ ಸಿಕ್ಕರೆ ಎದ್ದುಹೋಗಬೇಡಿ. ಒಂದು ಕಾನೂನು ಹುಟ್ಟುವುದನ್ನು ಕಣ್ಣಾರೆ ನೋಡುವ ಅವಕಾಶ ಅದು.

ಗ್ಯಾಲರಿಯ ಕೊರತೆಗಳನ್ನೂ ಹೇಳಬೇಕು. ಮುಂದೆ ದಪ್ಪ ಗಾಜಿನ ಗೋಡೆಯಿದೆ. ಮಾತು ಧ್ವನಿವರ್ಧಕಗಳಿಂದ ಕೇಳಿಬರುತ್ತದೆ, ಎದುರಿಗಿರುವ ಮನುಷ್ಯನಿಂದ ಬಂದಂತೆ ಅನಿಸುವುದಿಲ್ಲ. ಯಾರು ಮಾತಾಡುತ್ತಿದ್ದಾರೆಂದು ಟಿವಿ ಪರದೆಯಲ್ಲಿ ಹೆಸರು ಬರುತ್ತದೆ, ಆದರೆ ಯಾವ ಮಸೂದೆ, ಯಾವ ಹಂತ ಎಂದು ಮೊದಲ ಸಲ ಬಂದವರಿಗೆ ತಿಳಿಹೇಳುವ ಏರ್ಪಾಡು ಸಾಲದು. ಇದು ಈ ಸೇವೆಯ ದೊಡ್ಡ ಲೋಪ. ಬಾಗಿಲು ತೆರೆದಿಟ್ಟರಷ್ಟೇ ಸಾಲದು, ಒಳಗೆ ಬಂದವರಿಗೆ ಅರ್ಥವೂ ಆಗಬೇಕು. ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಆ ಬೆಳಿಗ್ಗೆ ಸಂಸತ್ತಿನ ಜಾಲತಾಣದಲ್ಲಿ ದಿನದ ಕಾರ್ಯಸೂಚಿ ತೆಗೆದು, ಹತ್ತು ನಿಮಿಷ ಓದಿಕೊಂಡು ಹೋಗಿ. ಕೇಳಿದ ಮಾತು ಅರ್ಧ ಬಿಟ್ಟುಹೋದರೆ ಸಂಜೆ ಹ್ಯಾನ್ಸಾರ್ಡ್ ಎಂಬ ಅಧಿಕೃತ ವರದಿಯಲ್ಲಿ ಪೂರಾ ಸಿಗುತ್ತದೆ. ಹೋಗುವ ಮುಂಚೆ ಊರಿನಿಂದಲೇ ನೇರಪ್ರಸಾರ ನೋಡಿಕೊಂಡರೆ ಇನ್ನೂ ಒಳ್ಳೆಯದು. ಬುಧವಾರದ ಪ್ರಧಾನಿ ಪ್ರಶ್ನೋತ್ತರ ನಮ್ಮ ಗಡಿಯಾರದಲ್ಲಿ ಅಲ್ಲಿನ ಬೇಸಿಗೆಯಲ್ಲಿ ಸಂಜೆ 4.30ಕ್ಕೆ, ಚಳಿಗಾಲದಲ್ಲಿ 5.30ಕ್ಕೆ.

ಕಾಮನ್ಸ್ ಸರದಿ ಉದ್ದವಿದ್ದರೆ ಬೇಸರ ಬೇಡ, ಲಾರ್ಡ್ಸ್‌ಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಬೇಗ ಜಾಗ ಸಿಗುತ್ತದೆ. ಕೆಂಪು ಬೆಂಚು, ಚಿನ್ನದ ಸಿಂಹಾಸನ, ಅದರ ಮುಂದೆ ಉಣ್ಣೆ ತುಂಬಿದ ಕೆಂಪು ಪೀಠ. ಆ ಪೀಠದಲ್ಲಿ ಕೂರುವ ಲಾರ್ಡ್ ಸ್ಪೀಕರ್‌ಗೆ ಯಾರನ್ನೂ ಸುಮ್ಮನಿರಿಸುವ ಅಧಿಕಾರವಿಲ್ಲ, ಸದನ ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ. ಮೊದಲಿಗೆ ನಾಲ್ಕು ಪ್ರಶ್ನೆ, ತಲಾ ಹತ್ತು ನಿಮಿಷ. ಚುನಾಯಿತರಲ್ಲದವರ ಸದನ ಬೇಕೇ ಎಂಬ ವಾದ ಇರಲಿ. ಮಸೂದೆಯ ಒಂದೊಂದು ಪದವನ್ನೂ ಹಿಡಿದು ಜಗ್ಗುವ ಚರ್ಚೆ ಕೇಳಬೇಕಾದರೆ ಇಲ್ಲೇ ಕೇಳಬೇಕು.

ಯಾರೂ ಹೇಳಿಕೊಡದ ಮೂರನೆಯ ದಾರಿ ಸಮಿತಿಗಳು. ಇಲಾಖೆಗಳ ಮೇಲೆ ಕಣ್ಣಿಡುವ ಸಮಿತಿಗಳು ಮಂತ್ರಿಗಳನ್ನು, ಅಧಿಕಾರಿಗಳನ್ನು, ಕಂಪನಿಗಳ ಮುಖ್ಯಸ್ಥರನ್ನು ಕೂರಿಸಿ ಪ್ರಶ್ನಿಸುತ್ತವೆ. ಬಹಿರಂಗ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಹಿಂದೆ ಕೂರಬಹುದು. ಹೆಚ್ಚಿನವು ಮಂಗಳವಾರ, ಬುಧವಾರದ ಬೆಳಿಗ್ಗೆ. ಎಷ್ಟೋ ಸಭೆಗಳು ರಸ್ತೆಯಾಚೆಯ ಪೋರ್ಟ್‌ಕಲಿಸ್ ಹೌಸ್‌ನಲ್ಲಿ ನಡೆಯುತ್ತವೆ. ಅದರ ಬಾಗಿಲು ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಕಡೆ, ಕ್ರಾಮ್‌ವೆಲ್ ಗ್ರೀನ್‌ನಲ್ಲಿ ಅಲ್ಲ. ಯಾವ ಕೊಠಡಿ, ಯಾವ ಕಟ್ಟಡ ಎಂದು ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಗಾಜಿನ ಗೋಡೆಯಿಲ್ಲ, ಗದ್ದಲವಿಲ್ಲ, ಸಾಕ್ಷಿ ಹೇಳುವವರ ಬೆನ್ನು ನಾಲ್ಕು ಮಾರು ದೂರದಲ್ಲಿ. ಸರ್ಕಾರ ಲೆಕ್ಕ ಒಪ್ಪಿಸುವುದು ನೋಡಬೇಕೆನ್ನುವವರಿಗೆ ನಮ್ಮ ಮೊದಲ ಶಿಫಾರಸು ಇದೇ.

ಹಾಗಾದರೆ ಹಣ ಕೊಟ್ಟು ಮಾಡುವ ಪ್ರವಾಸ ದಂಡವೇ? ಅಲ್ಲ. ಗ್ಯಾಲರಿಗೆ ಬಂದವರಿಗೆ ಕಾಣದ ಕೋಣೆಗಳು ಅದರಲ್ಲಿವೆ: ದೊರೆ ಕಿರೀಟ ಧರಿಸುವ ರೋಬಿಂಗ್ ರೂಮ್, ವಾಟರ್‌ಲೂ ಮತ್ತು ಟ್ರಫಾಲ್ಗರ್ ಕದನಗಳ ಬೃಹತ್ ಭಿತ್ತಿಚಿತ್ರಗಳಿರುವ ರಾಯಲ್ ಗ್ಯಾಲರಿ, ಮತ ಹಾಕುವ ಲಾಬಿ. ಎರಡೂ ಸದನಗಳ ನೆಲದ ಮೇಲೆ ನಡೆಯಬಹುದು, ಬೆಂಚಿನ ಮೇಲೆ ಕೂರುವಂತಿಲ್ಲ. ದೊರೆಯ ದೂತನಾಗಿ ಬರುವ ಬ್ಲ್ಯಾಕ್ ರಾಡ್ ಎಂಬ ಅಧಿಕಾರಿ ಬಡಿದು ಬಡಿದು ಕಾಮನ್ಸ್ ಬಾಗಿಲಿನ ಮೇಲೆ ಬಿದ್ದ ಗುರುತನ್ನು ಹತ್ತಿರದಿಂದ ನೋಡಬಹುದು. 1642ರಲ್ಲಿ ಒಂದನೆಯ ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸದನಕ್ಕೇ ನುಗ್ಗಿದ್ದ. ದೊರೆಯ ದೂತನ ಮುಖಕ್ಕೆ ಬಾಗಿಲು ಹಾಕುವ ಪದ್ಧತಿ ಆ ನೆನಪಿಗೆ. ಪ್ರವಾಸ ಒಂದೂವರೆ ಗಂಟೆಯದು, ಇಂಗ್ಲಿಷ್ ಮಾರ್ಗದರ್ಶಕರೊಂದಿಗೆ ಅಥವಾ ಕಿವಿಗೆ ಹಾಕಿಕೊಳ್ಳುವ ಆಡಿಯೊ ಸಾಧನದೊಂದಿಗೆ. ಆಡಿಯೊ ಸ್ವಲ್ಪ ಅಗ್ಗ, ಮಕ್ಕಳೊಂದಿಗೆ ನಿಮ್ಮದೇ ವೇಗದಲ್ಲಿ ನಡೆಯಲು ಅನುಕೂಲ. ಪ್ರಶ್ನೆ ಕೇಳುವ ಸ್ವಭಾವದವರು ಮಾರ್ಗದರ್ಶಕರನ್ನೇ ಆರಿಸಿಕೊಳ್ಳಿ, ಅವರ ತಿಳಿವಳಿಕೆ ಆಳವಾದದ್ದು. ದರ ಆಗಾಗ ಬದಲಾಗುತ್ತದೆ. ಸಂಸತ್ತಿನ ಜಾಲತಾಣದಲ್ಲೇ ಮುಂಚೆ ಕೊಂಡರೆ ನಡುವಿನವರಿಗೆ ಹೆಚ್ಚು ಕೊಡುವುದು ತಪ್ಪುತ್ತದೆ.

ಗೋಪುರ ಹತ್ತುವುದು ಬೇರೆಯೇ ಟಿಕೆಟ್. 334 ಮೆಟ್ಟಿಲು, ಸಂದರ್ಶಕರಿಗೆ ಲಿಫ್ಟ್ ಬಳಸುವ ಅವಕಾಶವಿಲ್ಲ, 11 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ. ಮಂಡಿನೋವಿನವರು ಆಸೆಪಡದಿರುವುದು ಲೇಸು. ಬಿಗ್ ಬೆನ್ ಎಂಬುದು ಗೋಪುರದ ಹೆಸರಲ್ಲ, 13.7 ಟನ್ ತೂಕದ ಗಂಟೆಯದು. ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂದು ಹೆಸರು. 1859ರಲ್ಲೇ ಗಂಟೆ ಬಿರುಕು ಬಿಟ್ಟಿತು. ಸ್ವಲ್ಪ ತಿರುಗಿಸಿ, ಹಗುರಾದ ಸುತ್ತಿಗೆ ಹಾಕಿದರು, ಇಂದಿಗೂ ಅದೇ ಬಿರುಕಿನ ದನಿ. ಗಡಿಯಾರದ ವೇಗವನ್ನು ತಿದ್ದುವುದು ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯ ಇಟ್ಟು. ಒಂದು ನಾಣ್ಯಕ್ಕೆ ದಿನಕ್ಕೆ 0.4 ಸೆಕೆಂಡ್ ವ್ಯತ್ಯಾಸ. ಟಿಕೆಟ್‌ಗಳು ತಿಂಗಳಿಗೊಮ್ಮೆ, ಮೂರು ತಿಂಗಳು ಮುಂಚಿತವಾಗಿ ಬಿಡುಗಡೆಯಾಗುತ್ತವೆ, ಬೇಗ ಖಾಲಿಯಾಗುತ್ತವೆ.

ಭವನದ ಸುತ್ತ ಸಾರವೆ ಕಟ್ಟಿರುವುದು ಕಂಡರೆ ನಿರಾಶೆ ಬೇಡ. ಹಳೆಯ ಕೊಳವೆ, ವೈರು, ಕಲ್ನಾರು, ಉದುರುವ ಕಲ್ಲು ಎಲ್ಲ ಸೇರಿ ಕಟ್ಟಡದ ಸ್ಥಿತಿ ಚಿಂತಾಜನಕವಾಗಿದೆ. ಬೆಂಕಿ ಕಾಯುವವರು ಹಗಲೂ ರಾತ್ರಿ ಸುತ್ತುತ್ತಾರೆ. ಪೂರ್ಣ ದುರಸ್ತಿಗೆಂದು 2019ರಲ್ಲೇ ಕಾಯ್ದೆ ಮಾಡಿದರೂ, ಸದನವನ್ನು ಹೊರಗೆ ಸಾಗಿಸಬೇಕೇ ಬೇಡವೇ ಎಂಬ ಚರ್ಚೆ ಎಳೆದಾಡಿತು.

ಪಾರ್ಲಿಮೆಂಟ್ ಸ್ಕ್ವೇರ್‌ನ ಇನ್ನೊಂದು ಬದಿಯಲ್ಲಿ ಸುಪ್ರೀಂ ಕೋರ್ಟ್. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9.30ರಿಂದ 4.30, ಪ್ರವೇಶ ಪುಕ್ಕಟೆ. 2009ರ ಅಕ್ಟೋಬರ್‌ವರೆಗೆ ಈ ಕೆಲಸ ಮಾಡುತ್ತಿದ್ದವರು ಲಾರ್ಡ್ಸ್ ಸದನದೊಳಗಿನ ನ್ಯಾಯಮೂರ್ತಿಗಳು. ಕಾನೂನು ಮಾಡುವ ಮನೆಯಿಂದ ಅಂತಿಮ ನ್ಯಾಯಾಲಯವನ್ನು ಬೇರ್ಪಡಿಸಿ ಚೌಕದಾಚೆ ಕೂರಿಸಿದರು. 2019ರ ಸೆಪ್ಟೆಂಬರ್ 24ರಂದು, ಪ್ರಧಾನಿಯ ಸಲಹೆಯಂತೆ ಸಂಸತ್ತಿನ ಅಧಿವೇಶನ ಮುಂದೂಡಿದ್ದು ಕಾನೂನುಬಾಹಿರ ಎಂದು 11 ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತದ್ದು ಇಲ್ಲಿಂದಲೇ. ಇದೇ ಕಟ್ಟಡದಲ್ಲಿ ಪ್ರಿವಿ ಕೌನ್ಸಿಲ್ ನ್ಯಾಯಸಮಿತಿಯೂ ಕೂರುತ್ತದೆ. 1949ರವರೆಗೆ ಧಾರವಾಡ, ಮಂಗಳೂರು, ಬಳ್ಳಾರಿಯಂಥ ಬ್ರಿಟಿಷ್ ಆಳ್ವಿಕೆಯ ಜಿಲ್ಲೆಗಳ ವ್ಯಾಜ್ಯಗಳು ಬೊಂಬಾಯಿ, ಮದ್ರಾಸ್ ಹೈಕೋರ್ಟ್ ದಾಟಿದರೆ ಕೊನೆಯ ಮೇಲ್ಮನವಿ ಹೋಗುತ್ತಿದ್ದದ್ದು ಆ ಸಮಿತಿಗೆ. ಆಗ ಅದು ಡೌನಿಂಗ್ ಸ್ಟ್ರೀಟಿನಲ್ಲಿ ಕೂರುತ್ತಿತ್ತು. ನೆಲಮಾಳಿಗೆಯಲ್ಲಿ ಪ್ರದರ್ಶನವೂ ಕೆಫೆಯೂ ಇವೆ. ಸಂಸತ್ತಿನ ಜುಬಿಲಿ ಕೆಫೆಗಿಂತ ಇಲ್ಲಿ ಗದ್ದಲ ಕಡಿಮೆ.

ವೈಟ್‌ಹಾಲ್ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಮಂತ್ರಾಲಯಗಳ ಸಾಲು, ನಡುರಸ್ತೆಯಲ್ಲಿ ಯುದ್ಧ ಸ್ಮಾರಕ, ಪ್ರಧಾನಿ ನಿವಾಸವಾದ ಡೌನಿಂಗ್ ಸ್ಟ್ರೀಟ್ 10ನೇ ನಂಬರಿನ ಬಾಗಿಲು ಕಬ್ಬಿಣದ ಗೇಟಿನಾಚೆ ಸರಿಯಾಗಿ ಕಾಣುವುದೂ ಇಲ್ಲ. ಬುಧವಾರ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಗೇಟಿನ ಬಳಿ ಇದ್ದರೆ ಪ್ರಧಾನಿಯ ಕಾರು ಸದನದ ಕಡೆ ಹೊರಡುವುದು ಕಂಡೀತು, ಅಷ್ಟೆ.

ಅದರ ಬದಲು ಉಳಿದ ಹೊತ್ತನ್ನು ನದಿಯಾಚೆಗೆ ಕೊಡಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿಯಂಚಿನ ಕಾಲುದಾರಿ ಹಿಡಿಯಿರಿ. ಎಡಕ್ಕೆ ಸೇಂಟ್ ಥಾಮಸ್ ಆಸ್ಪತ್ರೆ, ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದದ ಗೋಡೆ. ಬಲಕ್ಕೆ ನದಿಯಾಚೆ ಸಂಸತ್ ಭವನ ತುದಿಯಿಂದ ತುದಿಗೆ ಕಾಣುತ್ತದೆ, ಇಡೀ ಭವನದ ಫೋಟೊಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಲ್ಯಾಂಬೆತ್ ಸೇತುವೆಯ ಬುಡ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನಕ್ಕೆ ಬಂದರೆ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು, ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲರ ಮುತುವರ್ಜಿಯಿಂದ ಆದದ್ದು. ಎದೆಮಟ್ಟದ ಪ್ರತಿಮೆ, ದೊಡ್ಡದೆಂದು ಹುಡುಕಿದರೆ ದಾಟಿಹೋಗುತ್ತೀರಿ. ಸೇತುವೆಯಿಂದ ಇಲ್ಲಿಗೆ ನಿಧಾನಕ್ಕೆ ನಡೆದರೆ ಇಪ್ಪತ್ತೈದು ನಿಮಿಷ, ದಾರಿಯುದ್ದಕ್ಕೂ ಕೂರಲು ಬೆಂಚುಗಳಿವೆ. ಮರಳಲು ಮುಂದೆ ನಡೆದು ವಾಕ್ಸ್‌ಹಾಲ್ ನಿಲ್ದಾಣದಲ್ಲಿ ವಿಕ್ಟೋರಿಯಾ ಮಾರ್ಗದ ರೈಲು ಹತ್ತಬಹುದು.